ವಿಮಾನದ ಹೆಡ್‌ಸೆಟ್, ಮಳೆಗಾಲದ ಮೀಟಿಂಗ್

ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಸೆಟ್‌ನ ಯಾವ ರಿವ್ಯೂ ಬೇಕಾದರೂ ತೆಗೆದು ನೋಡಿ, ಅದರಲ್ಲೊಂದು ವಿಮಾನ ಇದ್ದೇ ಇರುತ್ತದೆ. ಬರೆದವರು ಎಲ್ಲಿಗೋ ಹಾರುತ್ತಾರೆ, ಸ್ವಿಚ್ ಒತ್ತುತ್ತಾರೆ, ಎಂಜಿನ್ ಸದ್ದು ಮಾಯ. ಐದಕ್ಕೆ ನಾಲ್ಕೂವರೆ ಸ್ಟಾರ್. ಅದನ್ನು ಓದಿ ನಾವು ಇಪ್ಪತ್ತೈದು-ಮೂವತ್ತು ಸಾವಿರ ಸುರಿದು ಆಫೀಸಿಗೆಂದು ತರುತ್ತೇವೆ. ಆಫೀಸಿನಲ್ಲಿ ಎಂಜಿನ್ ಎಲ್ಲುಂಟು ಮಾರಾಯ್ರೆ?

ವಿಮಾನ ಅಲ್ಲಿ ಬರುವುದಕ್ಕೆ ಕಾರಣ ಇದೆ ಅನ್ನಿ. ಈ ಸಾಧನದ ಹುಟ್ಟೇ ಅಲ್ಲಿ. 1978ರಲ್ಲಿ ವಿಮಾನದೊಳಗೆ ಕೊಟ್ಟ ಹೆಡ್‌ಫೋನ್‌ನಲ್ಲಿ ಹಾಡು ಸರಿಯಾಗಿ ಕೇಳದೆ ಅಮರ್ ಬೋಸ್ ಅಲ್ಲೇ ಲೆಕ್ಕ ಹಾಕಲು ಕೂತರು. ಅವರ ಕಂಪೆನಿ ಮೊದಲು ಮಾರಿದ್ದು 1989ರಲ್ಲಿ, ಪೈಲಟ್‌ಗಳಿಗೆ. ಹೊರಗಿನ ಸದ್ದನ್ನು ಪುಟ್ಟ ಮೈಕ್ ಹಿಡಿಯುತ್ತದೆ, ಅದಕ್ಕೆ ತದ್ವಿರುದ್ಧ ಅಲೆಯನ್ನು ಸ್ಪೀಕರ್ ಕಿವಿಗೆ ಬಿಡುತ್ತದೆ, ಎರಡೂ ಒಂದನ್ನೊಂದು ತಿಂದುಹಾಕುತ್ತವೆ. ಒಂದೇ ಸಮ ಗುಂಯ್‌ಗುಡುವ ಸದ್ದಿಗೆ ಇದು ಅದ್ಭುತ. 100 ಹರ್ಟ್ಜ್‌ನ ಅಲೆ ಸುಮಾರು ಮೂರೂವರೆ ಮೀಟರ್ ಉದ್ದ, ಚಿಪ್ಪಿಗೆ ಬೇಕಾದಷ್ಟು ಸಮಯ. 2000 ಹರ್ಟ್ಜ್‌ನದ್ದು ಒಂದು ಗೇಣೂ ಇಲ್ಲ, ಚೂರು ತಡವಾದರೂ ಲೆಕ್ಕ ತಪ್ಪುತ್ತದೆ. ಸುಮಾರು 1000 ಹರ್ಟ್ಜ್ ದಾಟಿದ ಮೇಲೆ ಸದ್ದು ತಡೆಯುವುದು ಹೆಚ್ಚಾಗಿ ಕಿವಿ ಮುಚ್ಚುವ ಮೆತ್ತೆಯೇ. ಮಾತಿನ ಸ, ಟ, ಕಗಳು ಇರುವುದೂ ಅಲ್ಲೇ. ಹಾಗಾಗಿ ಎಸಿಯ ಗುಂಯ್ ಹೋಗಿ, ಪಕ್ಕದ ಸೀಟಿನವನ ಹೋಮ್ ಲೋನ್ ಕತೆ ಉಳಿಯುತ್ತದೆ.

ತಿಂಗಳಲ್ಲಿ ಎರಡು ವಾರ ನನ್ನ ಆಫೀಸು ಬೆಟ್ಟಂಪಾಡಿಯ ಮನೆ. ಅಪ್ಪ-ಅಮ್ಮ ಇಬ್ಬರೇ ಇರುವುದು. ಅಡಿಕೆ ಸುಲಿಯುವ ಯಂತ್ರದ ಮೋಟಾರನ್ನು ಹೆಡ್‌ಸೆಟ್ ನುಂಗುತ್ತದೆ, ಟಕಟಕ ಉಳಿಯುತ್ತದೆ. ಅಡಿಕೆಗೆ ಮದ್ದು ಬಿಡುವ ಪಂಪಿನದ್ದೂ ಹೆಚ್ಚುಕಡಿಮೆ ಹಾಗೇ. ಜೂನ್‌ನಲ್ಲಿ ಶೀಟಿನ ಮೇಲೆ ಮಳೆ ಹೊಡೆದರೆ ದಪ್ಪ ಸದ್ದು, ಕೀರಲು ಸದ್ದು ಎಲ್ಲ ಒಟ್ಟಿಗೆ ಬರುತ್ತವೆ. ಅದನ್ನು ಪೂರ್ತಿ ಅಳಿಸುವ ಹೆಡ್‌ಸೆಟ್ ಇಲ್ಲ. ಇರಲಿ, ನನಗೆ ಮಳೆ ಕೇಳಿದರೆ ನಷ್ಟವೇನೂ ಇಲ್ಲ. ಮೀಟಿಂಗಿನಲ್ಲಿರುವ ಹನ್ನೊಂದು ಜನಕ್ಕೆ ಕೇಳಿದರೆ ಉಂಟು. ಮೊದಲು "ಊರಲ್ಲಿದ್ದೀರಾ?" ಅನ್ನುತ್ತಾರೆ. ಆಮೇಲೆ "ಸ್ವಲ್ಪ ಮ್ಯೂಟ್ ಮಾಡ್ಕೊಳ್ಳಿ". ಆಮೇಲೆ ನಾನು ಮಾಡಿದ ಡಿಸೈನನ್ನು ಇನ್ಯಾರೋ ವಿವರಿಸುತ್ತಾರೆ. ನಾಲ್ಕು ಸಲ ಹೀಗಾದರೆ "ಮಳೆಗಾಲ ಮುಗಿಯೋವರೆಗೆ ಬೆಂಗಳೂರಲ್ಲೇ ಇದ್ಬಿಡಿ". ಅಪ್ಪನನ್ನು ಪುತ್ತೂರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕಾದ ತಿಂಗಳುಗಳೂ ಅವೇ.

ರಿವ್ಯೂಗಳ ಮೇಲೆ ನನ್ನ ಸಿಟ್ಟು ಇಲ್ಲಿ. ಬಾಕ್ಸಿನ ಮೇಲೆ ದೊಡ್ಡದಾಗಿ ಬರೆದ ನಾಯ್ಸ್ ಕ್ಯಾನ್ಸಲಿಂಗ್ ಕೇಳುವ ನಮ್ಮ ಕಿವಿಗೆ. ನಮ್ಮ ಮಾತು ಆಚೆಯವರಿಗೆ ಹೇಗೆ ತಲುಪುತ್ತದೆ ಎನ್ನುವುದು ಬೇರೆಯೇ ವಿಷಯ, ಅದಕ್ಕೆ ಕೊನೆಯಲ್ಲಿ ಒಂದು ಸಾಲು: "ಕಾಲ್ ಕ್ವಾಲಿಟಿ ಪರವಾಗಿಲ್ಲ". ಸೋನಿ ಡಬ್ಲ್ಯುಎಚ್-1000ಎಕ್ಸ್‌ಎಂ5 ಹಾಡು ಕೇಳಲು ಭರ್ಜರಿ ವಸ್ತು, ನಾನೇನೂ ಅಲ್ಲ ಅನ್ನುವುದಿಲ್ಲ. ಆದರೆ ಅದರ ಮೈಕ್‌ಗಳಿರುವುದು ಕಿವಿಯ ಹತ್ತಿರ. ಮೈಕ್ ಬಾಯಿಂದ 12 ಸೆಂ.ಮೀ. ದೂರದಲ್ಲಿರುವುದಕ್ಕೂ 3 ಸೆಂ.ಮೀ.ಯಲ್ಲಿರುವುದಕ್ಕೂ ನಮ್ಮ ದನಿಯಲ್ಲಿ ಸುಮಾರು 12 ಡೆಸಿಬೆಲ್ ವ್ಯತ್ಯಾಸ. ಮಳೆ ಎರಡು ಕಡೆಯೂ ಅಷ್ಟೇ. ಈ ಅಂತರವನ್ನು ಸಾಫ್ಟ್‌ವೇರ್ ತುಂಬಿಕೊಡುತ್ತದೆ ಅನ್ನುತ್ತಾರೆ. ಮಳೆ ಜೋರಾದಾಗ ಅದು ಮಳೆಯ ಜೊತೆಗೆ ಪದಗಳ ತುದಿಯನ್ನೂ ಕತ್ತರಿಸುತ್ತದೆ.

ಇನ್ನು ಬ್ಲೂಟೂತ್. ಕಾಲ್‌ಗೆ ಮೈಕ್ ತೆರೆದ ಕೂಡಲೇ ಮಾಮೂಲಿ ಬ್ಲೂಟೂತ್ ಹಾಡಿನ ದಾರಿ ಬಿಟ್ಟು ಫೋನಿನ ಸಪೂರ ದಾರಿಗೆ ಇಳಿಯುತ್ತದೆ. ಹಾಡಿಗೆಂದು ಕೊಟ್ಟ ದುಡ್ಡಿನ ಬಹುಪಾಲು ಆಗ ಕೆಲಸಕ್ಕೆ ಬರುವುದಿಲ್ಲ.

ದಿನಕ್ಕೆ ಮೂರು ಗಂಟೆ ಕಾಲ್ ಇರುವವರಿಗೆ ನಾನು ಹೇಳುವುದು ಬೂಮ್ ಮೈಕ್, ಜೊತೆಗೆ ಯುಎಸ್‌ಬಿ ಡಾಂಗಲ್. ಜಾಬ್ರಾ ಇವಾಲ್ವ್2 65ರಲ್ಲಿ ಎರಡೂ ಇವೆ, ಆಕ್ಟಿವ್ ನಾಯ್ಸ್ ಕ್ಯಾನ್ಸಲಿಂಗ್ ಇಲ್ಲ. ಅಮ್ಮ ಚಾಯಕ್ಕೆ ಕರೆದರೆ ಕೇಳುತ್ತದೆ, ನನಗದು ಲಾಭವೇ. ಅದೂ ಬೇಕೆಂದರೆ ಪಾಲಿ ವಾಯೇಜರ್ ಫೋಕಸ್ 2 ಇದೆ. ಎರಡೂ ಕಿವಿಯನ್ನು ಸುತ್ತುವರಿಯದೆ ಮೇಲೆ ಕೂರುವಂಥವು, ಕನ್ನಡಕದವರಿಗೆ ಸಂಜೆಯಾಗುವಾಗ ನೋಯಬಹುದು. ಚಂದವೂ ಇಲ್ಲ, ಹಾಕಿಕೊಂಡರೆ ಕಾಲ್ ಸೆಂಟರಿನವರ ಹಾಗೆ ಕಾಣುತ್ತೇವೆ.

ಯಾವುದನ್ನೇ ತನ್ನಿ, ರಿಟರ್ನ್ ಅವಧಿ ಮುಗಿಯುವ ಮೊದಲು ಬಚ್ಚಲಿನ ನಳ್ಳಿ ಪೂರ್ತಿ ಬಿಟ್ಟು ಬಕೆಟಿನ ಪಕ್ಕ ನಿಂತು ಎರಡು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ, ಗೆಳೆಯರೊಬ್ಬರಿಗೆ ಕಳಿಸಿ. ಹಾಡು ಹಾಕಿ ನೋಡುವುದು ಆಮೇಲೆ.