ದೋಣಿ ಬಿಡಿ, ಗಾಳಿ ನೋಡಿ: ಅಮೆರಿಕಾಸ್ ಕಪ್ ರಸಿಕರಿಗೊಂದು ಕೈಪಿಡಿ

ನ್ಯೂಜಿಲೆಂಡ್ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 2019ರ ವಿಶ್ವಕಪ್ಪಿನ ಲಾರ್ಡ್ಸ್ ಫೈನಲ್, ಸೋಲದೆಯೂ ಸೋತ ಕೇನ್ ವಿಲಿಯಮ್ಸನ್ ಮುಖ. ಆ ದೇಶಕ್ಕೆ ಅಂಥ ಸಂಕಟ ಹೊಸದಾಗಿರಲಿಲ್ಲ. 2013ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯಲ್ಲಿ ಅವರ ಹಾಯಿದೋಣಿ ತಂಡ, ಒಂಬತ್ತು ಓಟ ಗೆದ್ದವರಿಗೆ ಅಮೆರಿಕಾಸ್ ಕಪ್ ಎಂಬ ಪಂದ್ಯಮಾಲೆಯಲ್ಲಿ 8-1ರಿಂದ ಮುಂದಿತ್ತು. ಇನ್ನೊಂದೇ ಒಂದು ಓಟ ಸಾಕಿತ್ತು. ಅಲ್ಲಿಂದ ಸಾಲಾಗಿ ಎಂಟು ಓಟ ಸೋತು, 8-9ರಲ್ಲಿ ಬರಿಗೈಯಲ್ಲಿ ಊರಿಗೆ ಮರಳಿತು.

ಈ ಕಥೆ ಕೇಳಿ ಕುತೂಹಲದಿಂದ ಯೂಟ್ಯೂಬ್ ತೆರೆದವರು ಹತ್ತೇ ನಿಮಿಷಕ್ಕೆ ಮುಚ್ಚಿಬಿಡುವುದೂ ಉಂಟು. ಒಂದು ದೋಣಿ ಎಡಕ್ಕೆ ಹೋಗುತ್ತದೆ, ಇನ್ನೊಂದು ಬಲಕ್ಕೆ. ಗುರಿ ಎಲ್ಲಿದೆ, ಮುಂದಿರುವವರು ಯಾರು, ಒಂದೂ ಹೊಳೆಯುವುದಿಲ್ಲ. ನಮ್ಮ ಕಣ್ಣು ದೋಣಿಗಳ ಮೇಲೆ ನೆಟ್ಟಿರುತ್ತದೆ, ಆಟ ನಡೆಯುವುದು ಗಾಳಿಯಲ್ಲಿ. ಈ ಕೈಪಿಡಿಯ ಕೆಲಸವೆಲ್ಲ ಆ ಕಣ್ಣನ್ನು ದೋಣಿಯಿಂದ ಕಿತ್ತು ಗಾಳಿಯತ್ತ ತಿರುಗಿಸುವುದು.

ಮೊದಲು ಕಪ್ಪಿನ ವಿಷಯ, ಚುಟುಕಾಗಿ. 1851ರಲ್ಲಿ ಇಂಗ್ಲೆಂಡಿನ ವೈಟ್ ದ್ವೀಪ ಸುತ್ತುವ ಓಟದಲ್ಲಿ ‘ಅಮೆರಿಕ’ ಎಂಬ ಸ್ಕೂನರ್ ಗೆದ್ದು ತಂದ ಬೆಳ್ಳಿ ಹೂಜಿ ಇದು. ಹೆಸರು ಬಂದದ್ದು ಆ ದೋಣಿಯಿಂದ. ಗೆದ್ದವರು 1857ರಲ್ಲಿ ಅದನ್ನು ನ್ಯೂಯಾರ್ಕ್ ಯಾಟ್ ಕ್ಲಬ್ಬಿಗೆ ಒಪ್ಪಿಸಿ, ಯಾವ ದೇಶದ ಕ್ಲಬ್ಬು ಬೇಕಾದರೂ ಬಂದು ಸವಾಲು ಹಾಕಬಹುದು ಎಂದು ದಾನಪತ್ರ ಬರೆದರು. ಬಹುಕಾಲ ಸವಾಲು ಹಾಕಿದವರೆಲ್ಲ ಸೋತರು. ಚಹಾ ವ್ಯಾಪಾರಿ ಸರ್ ಥಾಮಸ್ ಲಿಪ್ಟನ್ 1899ರಿಂದ 1930ರವರೆಗೆ ಐದು ಸಲ ಬಂದು ಐದು ಸಲವೂ ಸೋತರು. ಹಡಗಿನ ವಿದ್ಯೆಯಲ್ಲಿ ಲೋಕಕ್ಕೇ ಗುರು ಎಂದುಕೊಂಡ ಬ್ರಿಟನ್ ಇಂದಿಗೂ ಒಮ್ಮೆಯೂ ಗೆದ್ದಿಲ್ಲ. 2024ರಲ್ಲಿ ಬಾರ್ಸಿಲೋನಾದಲ್ಲಿ ನ್ಯೂಜಿಲೆಂಡಿನ ಎದುರು 7-2ರಲ್ಲಿ ಸೋತಿತು. ಅಂದಹಾಗೆ ಹೂಜಿಗೆ ತಳವಿಲ್ಲ. ಗೆದ್ದ ಖುಷಿಯಲ್ಲಿ ಅದಕ್ಕೆ ಶಾಂಪೇನ್ ಸುರಿದರೆ ಸುರಿದವರ ಪಾದಕ್ಕೇ ಅಭಿಷೇಕ.

ಹಾಲಿ ವಿಜೇತರು ನೇರವಾಗಿ ಅಂತಿಮ ಪಂದ್ಯಮಾಲೆಯಲ್ಲಿರುತ್ತಾರೆ. ಉಳಿದ ತಂಡಗಳು ತಮ್ಮತಮ್ಮಲ್ಲಿ ಸೆಣಸಿ ಒಬ್ಬ ಸವಾಲುಗಾರನನ್ನು ಮುಂದೆ ಬಿಡಬೇಕು. ಎಲ್ಲಿ ಓಡಿಸುವುದು, ಎಂಥ ದೋಣಿಯಲ್ಲಿ ಓಡಿಸುವುದು ಎಂಬುದರಲ್ಲೂ ಸಂಪ್ರದಾಯದಂತೆ ಹಾಲಿ ವಿಜೇತರ ಮಾತೇ ದೊಡ್ಡದು. ಇದು ನ್ಯಾಯವಲ್ಲ. ಈ ಆಟದ ಅರ್ಧ ಸ್ವಾರಸ್ಯ ಇರುವುದು ಮಾತ್ರ ಈ ಅನ್ಯಾಯದಲ್ಲೇ.

ಈಗ ನೀರಿಗಿಳಿಯೋಣ. ಹಾಯಿದೋಣಿ ಎದುರುಗಾಳಿಗೆ ನೇರ ಮುಖ ಕೊಟ್ಟು ಸಾಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಒಂದು ಕಡೆಗೆ ಹೋಗಬೇಕು, ಆಮೇಲೆ ಮೂತಿ ತಿರುಗಿಸಿ ಇನ್ನೊಂದು ಕಡೆಗೆ. ಮೋಟಾರು ಬರುವ ಮುಂಚೆ ನಮ್ಮ ಕರಾವಳಿಯಲ್ಲಿ ಹಾಯಿ ಬಿಚ್ಚಿ ಮಂಜಿ ನಡೆಸಿದ ತಂಡೇಲರಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಎದುರುಗಾಳಿಯಲ್ಲಿ ಹೀಗೆ ತಿರುಗಿಸುವುದು ಟ್ಯಾಕ್, ಬೆನ್ನುಗಾಳಿಯಲ್ಲಿ ತಿರುಗಿಸುವುದು ಜೈಬ್. ಈ ಎರಡು ಪದ ಗೊತ್ತಿದ್ದರೆ ವೀಕ್ಷಕ ವಿವರಣೆಯ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಓಟದ ಹಾದಿ ಬಹಳ ಸರಳ: ಗಾಳಿ ಬರುವ ದಿಕ್ಕಿಗೆ ಒಂದು ತೇಲುಗುರುತು, ಗಾಳಿ ಹೋಗುವ ದಿಕ್ಕಿಗೆ ಇನ್ನೊಂದು. ಮೇಲೆ ಹೋಗಿ ಸುತ್ತಿ ಕೆಳಗೆ ಬರಬೇಕು, ಮತ್ತೆ ಮೇಲೆ. ಈಗೀಗ ಒಂದೊಂದು ತುದಿಯಲ್ಲೂ ಜೋಡಿ ಗುರುತು ಇಡುತ್ತಾರೆ. ಎಡದ್ದೋ ಬಲದ್ದೋ, ಬೇಕಾದ್ದನ್ನು ಸುತ್ತಬಹುದು. ಮೂತಿ ತಿರುಗಿಸಿದಾಗಲೆಲ್ಲ ವೇಗ ಸ್ವಲ್ಪ ಕಳೆದುಹೋಗುತ್ತದೆ, ಹಾಗಾಗಿ ಎಷ್ಟು ಸಲ ತಿರುಗಿದರು ಎಂದು ಎಣಿಸುತ್ತಾ ಕೂರುವುದು ಒಳ್ಳೆಯ ಅಭ್ಯಾಸ.

ಪರದೆಯ ಮೇಲೆ ನೀರಿಗೆ ಅಡ್ಡಲಾಗಿ ಏಣಿ ಮೆಟ್ಟಿಲಿನಂಥ ಗೆರೆಗಳು ಕಾಣುತ್ತವೆ. ಅವು ಗಾಳಿಗೆ ಲಂಬವಾಗಿ ಎಳೆದ ಗೆರೆಗಳು. ಯಾವ ದೋಣಿ ಎಷ್ಟು ಮೆಟ್ಟಿಲು ಹತ್ತಿದೆ ಎಂಬುದೇ ಮುನ್ನಡೆ, ಎಡಬಲ ಎಷ್ಟೇ ದೂರ ಚದುರಿದ್ದರೂ ಸರಿ. ಗಾಳಿ ಹತ್ತು ಡಿಗ್ರಿ ಎಡಕ್ಕೆ ವಾಲಿದರೆ ಇಡೀ ಏಣಿಯೇ ವಾಲುತ್ತದೆ. ಎಡಗಡೆ ಇದ್ದ ದೋಣಿ ಏನೂ ಮಾಡದೆ ಮೇಲೇರಿಬಿಡುತ್ತದೆ. ಇಂಥ ಚಿತ್ರಣವನ್ನು 1992ರ ಕಪ್ಪಿನಲ್ಲಿ ತಂದವರು ನ್ಯೂಜಿಲೆಂಡಿನ ಡನೀಡಿನ್ ಊರಿನ ಒಂದು ಕಂಪನಿಯವರು. ಅವರದೇ ವರ್ಚುಯಲ್ ಐ ತಂತ್ರಜ್ಞಾನ ಮುಂದೆ ಕ್ರಿಕೆಟ್ಟಿನಲ್ಲಿ ಎಲ್‌ಬಿಡಬ್ಲ್ಯು ಚೆಂಡಿನ ಜಾಡನ್ನೂ ತೋರಿಸಿತು. ಅದಿರಲಿ, ಗೆರೆಗಳಿಗೇ ಕಣ್ಣು ಕೀಲಿಸಬೇಡಿ. ನೀರಿನ ಬಣ್ಣ ನೋಡಿ. ಜೋರು ಗಾಳಿ ಬೀಸಿದ ಕಡೆ ನೀರು ಕಪ್ಪಿಡುತ್ತದೆ. ಚುಕ್ಕಾಣಿ ಹಿಡಿದವರು ಇಡೀ ಹೊತ್ತು ಹುಡುಕುತ್ತಿರುವುದು ಆ ಕಪ್ಪು ತೇಪೆಗಳನ್ನೇ.

ಮುಂದಿನ ಪಾಠ ಗಾಳಿಯ ನೆರಳು. ಹಾಯಿ ದಾಟಿ ಬಂದ ಗಾಳಿ ಕೆಟ್ಟುಹೋಗಿರುತ್ತದೆ, ಅದಕ್ಕೆ ಕಸುವಿಲ್ಲ. ಮುಂದಿರುವವನು ಎದುರಾಳಿಯ ನೆತ್ತಿಯ ಮೇಲೆ ಈ ನೆರಳು ಬೀಳುವಂತೆ ಕೂರುತ್ತಾನೆ. ಅವನು ತಿರುಗಿದರೆ ತಾನೂ ತಿರುಗುತ್ತಾನೆ. ಇದಕ್ಕೆ ಕವರ್ ಮಾಡುವುದು ಎನ್ನುತ್ತಾರೆ. ಕವರ್ ಮಾಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 1983ರ ಏಳನೆಯ ಓಟ ನೋಡಿ. ನ್ಯೂಪೋರ್ಟಿನಲ್ಲಿ 1-3ರಿಂದ ಹಿಂದಿದ್ದ ಆಸ್ಟ್ರೇಲಿಯಾ ಎರಡು ಓಟ ಗೆದ್ದು ಸಮ ಮಾಡಿಕೊಂಡಿತ್ತು. ಕೊನೆಯ ಓಟದಲ್ಲಿ ಡೆನಿಸ್ ಕಾನರ್ ನಡೆಸುತ್ತಿದ್ದ ಅಮೆರಿಕದ ‘ಲಿಬರ್ಟಿ’ಗೆ ಒಂದು ನಿಮಿಷದ ಹತ್ತಿರದ ಮುನ್ನಡೆ. ಕೊನೆಯಿಂದ ಎರಡನೆಯ ಸುತ್ತು, ಬೆನ್ನುಗಾಳಿಯದು. ಎದುರಾಳಿಯನ್ನು ಕವರ್ ಮಾಡದೆ ಕಾನರ್ ತನ್ನ ದಾರಿ ಹಿಡಿದರು. ಜಾನ್ ಬರ್ಟ್ರಂಡರ ‘ಆಸ್ಟ್ರೇಲಿಯಾ 2’ ಬೇರೆಯೇ ಗಾಳಿ ಹುಡುಕಿಕೊಂಡು ಮುಂದೆ ಬಂದಿತು. ಕೊನೆಯ ಸುತ್ತಿನಲ್ಲಿ ಕಾನರ್ ಐವತ್ತರ ಹತ್ತಿರ ಸಲ ಟ್ಯಾಕ್ ಮಾಡಿ ತಪ್ಪಿಸಿಕೊಳ್ಳಲು ಒದ್ದಾಡಿದರು. ಬರ್ಟ್ರಂಡ್ ಒಮ್ಮೆಯೂ ನೆತ್ತಿ ಬಿಟ್ಟು ಇಳಿಯಲಿಲ್ಲ. 41 ಸೆಕೆಂಡಿನಲ್ಲಿ 132 ವರ್ಷದ ಅಮೆರಿಕನ್ ದರ್ಬಾರು ಮುಗಿಯಿತು.

ಓಟ ಶುರುವಾದ ಮೇಲೆ ಟಿವಿ ಹಾಕುವವರು ಅತಿ ರುಚಿಯಾದ ಭಾಗವನ್ನು ಕಳೆದುಕೊಳ್ಳುತ್ತಾರೆ. ಗಂಟೆ ಹೊಡೆಯುವ ಎರಡು ನಿಮಿಷ ಮೊದಲೇ ದೋಣಿಗಳು ಎರಡು ತುದಿಯಿಂದ ಆವರಣದೊಳಗೆ ನುಗ್ಗಿ ಒಂದನ್ನೊಂದು ಬೆನ್ನಟ್ಟುತ್ತವೆ. ಬಲಗಡೆಯಿಂದ ಗಾಳಿ ಪಡೆಯುತ್ತಿರುವ ದೋಣಿಗೆ ಎಡಗಡೆಯಿಂದ ಪಡೆಯುತ್ತಿರುವ ದೋಣಿ ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಕಡೆಯ ಗಾಳಿಯಾದರೆ ಗಾಳಿಗೆ ಹತ್ತಿರ ಇರುವವನು ಸರಿದು ನಿಲ್ಲಬೇಕು. ಈ ಎರಡು ಕಾನೂನು ಹಿಡಿದುಕೊಂಡು ಎದುರಾಳಿಯಿಂದ ತಪ್ಪು ಮಾಡಿಸುವುದೇ ಇಲ್ಲಿಯ ಜಾಣತನ. ಅಂಪೈರುಗಳು ದಂಡ ಹಾಕಿದರೆ ತಪ್ಪು ಮಾಡಿದವನು ವೇಗ ತಗ್ಗಿಸಿ ಹಿಂದೆ ಬೀಳಬೇಕು. ಗೆರೆಯನ್ನು ಒಂದು ಸೆಕೆಂಡು ಮೊದಲು ದಾಟಿದರೂ ದಂಡವೇ. ಹೊಸಬರು ಕಪ್ಪಿನ ಹತ್ತು ಓಟಗಳ ಬರೀ ಈ ಎರಡೆರಡು ನಿಮಿಷ ನೋಡಿದರೂ ಸಾಕು, ಆಟದ ಹುಚ್ಚು ಹಿಡಿಯುತ್ತದೆ.

ಈಗಿನ ದೋಣಿ ಎಸಿ75. ನೀರಿನಡಿಗೆ ಭಾರದ ಕೀಲ್ ಇಲ್ಲ. ಎರಡು ಪಕ್ಕದಲ್ಲಿ ತೋಳು, ತೋಳಿನ ತುದಿಗೆ ರೆಕ್ಕೆ, ಅದೇ ಫಾಯಿಲ್. ವೇಗ ಬಂದೊಡನೆ ಆ ರೆಕ್ಕೆ ಇಡೀ ದೋಣಿಯನ್ನು ನೀರಿನಿಂದ ಮೇಲಕ್ಕೆತ್ತುತ್ತದೆ; 50 ನಾಟ್, ಅಂದರೆ ಗಂಟೆಗೆ 90 ಕಿಲೋಮೀಟರ್ ದಾಟಿ ಓಡುತ್ತದೆ. ಗಾಳಿಗಿಂತ ಎರಡು ಮೂರು ಪಟ್ಟು ಜೋರು! ಇದು ಹೇಗೆ ಸಾಧ್ಯ ಎಂದು ತಲೆ ಕೆಡಿಸಿಕೊಂಡವರು ಸ್ಕೂಟರನ್ನು ನೆನೆಯಲಿ. ಗಾಳಿಯೇ ಇಲ್ಲದ ದಿನವೂ ಓಡಿಸಿದರೆ ಮುಖಕ್ಕೆ ಗಾಳಿ ರಾಚುತ್ತದಲ್ಲ, ಹಾಗೆ ದೋಣಿ ತನ್ನ ಓಟದಿಂದಲೇ ಗಾಳಿ ಹುಟ್ಟಿಸಿಕೊಳ್ಳುತ್ತದೆ, ಹಾಯಿ ಅದನ್ನೂ ಹೀರುತ್ತದೆ. ಬೆನ್ನುಗಾಳಿಯ ಸುತ್ತಿನಲ್ಲೂ ಹಾಯಿ ಬಿಗಿಯಾಗಿಯೇ ಇರುವುದು ಇದಕ್ಕೇ. ಹಳೆಯ ಕಪ್ಪುಗಳಲ್ಲಿ ಬೆನ್ನುಗಾಳಿಗೆ ಬಿಚ್ಚುತ್ತಿದ್ದ ಬಣ್ಣಬಣ್ಣದ ಉಬ್ಬುಹಾಯಿ ಈಗಿಲ್ಲ. ನನಗೆ ಅದರ ಕೊರತೆ ಕಾಡುತ್ತದೆ.

ರೆಕ್ಕೆಯ ಮೇಲಿದ್ದರೆ ವಿಮಾನ, ರೆಕ್ಕೆಯಿಂದ ಇಳಿದರೆ ಆರೂವರೆ ಟನ್ನಿನ ಹೆಣಭಾರ. 2021ರಲ್ಲಿ ಆಕ್ಲೆಂಡಿನಲ್ಲಿ ಇಟಲಿಯ ‘ಲೂನಾ ರೊಸ್ಸಾ’ ಎದುರು ನಡೆದ ಎಂಟನೆಯ ಓಟ ನೋಡಿ. ಮೆಲುಗಾಳಿಯ ದಿನ. ನ್ಯೂಜಿಲೆಂಡಿನ ದೋಣಿ ಇಟಲಿಯ ಕೆಟ್ಟ ಗಾಳಿಗೆ ಸಿಕ್ಕಿ ನೀರಿಗೆ ಕೂತುಬಿಟ್ಟಿತು. ಎದುರಾಳಿ ಎರಡು ಕಿಲೋಮೀಟರಿಗೂ ಮಿಕ್ಕಿ ಮುಂದೆ. ಅಷ್ಟರಲ್ಲಿ ಇಟಲಿಯವರೂ ಒಂದು ಟ್ಯಾಕಿನಲ್ಲಿ ಎಡವಿ ಕೂತರು. ಮೊದಲು ಎದ್ದದ್ದು ನ್ಯೂಜಿಲೆಂಡ್. ನಾಲ್ಕು ನಿಮಿಷದ ಹತ್ತಿರದ ಅಂತರದಲ್ಲಿ ಗೆದ್ದೇಬಿಟ್ಟಿತು. ಹಾಗಾಗಿ ಪರದೆಯ ಮೂಲೆಯಲ್ಲಿ 2000 ಮೀಟರ್ ಮುನ್ನಡೆ ಎಂದು ಬರೆದಿದ್ದರೂ ಕಾಫಿಗೆಂದು ಏಳಬೇಡಿ.

ಇಷ್ಟು ನೀರಿನ ಮೇಲಿನ ಮಾತು. ಕಪ್ಪು ಗೆಲ್ಲುವುದು ಶೆಡ್ಡಿನಲ್ಲಿ ಎನ್ನುವ ಪಂಥವೂ ಇದೆ, ನಾನೂ ಅರ್ಧ ಅದೇ ಪಂಥದವನು. 1983ರ ಬೇಸಿಗೆಯಿಡೀ ಆಸ್ಟ್ರೇಲಿಯನ್ನರು ದೋಣಿಯನ್ನು ದಡಕ್ಕೆತ್ತಿದಾಗಲೆಲ್ಲ ಸುತ್ತ ಪರದೆ ಕಟ್ಟಿ, ವಿನ್ಯಾಸಕ ಬೆನ್ ಲೆಕ್ಸೆನ್ ಕೊಟ್ಟ ರೆಕ್ಕೆಯ ಕೀಲನ್ನು ಮರೆಮಾಡಿದರು. ಅಮೆರಿಕನ್ನರ ಅರ್ಧ ನಿದ್ದೆ ಕೆಟ್ಟದ್ದು ಆ ಪರದೆಯಿಂದಲೇ. ನ್ಯೂಜಿಲೆಂಡಿನವರು 2017ರಲ್ಲಿ ಬರ್ಮುಡಾಕ್ಕೆ ಬಂದಾಗ ದೋಣಿಯಲ್ಲಿ ಸೈಕಲ್ ಪೆಡಲ್ ಕೂರಿಸಿಕೊಂಡಿದ್ದರು. ಹಾಯಿ, ಫಾಯಿಲ್ ಆಡಿಸುವ ಹೈಡ್ರಾಲಿಕ್ ಒತ್ತಡಕ್ಕೆ ಬೇರೆಯವರು ಕೈಯಲ್ಲಿ ಹಿಡಿ ತಿರುವುತ್ತಿದ್ದರೆ ಇವರು ಕಾಲಲ್ಲಿ ತುಳಿದರು. ಕಾಲಿಗೆ ಕೈಗಿಂತ ಬಲ ಹೆಚ್ಚು, ಮೇಲಾಗಿ ಕೈ ಬಿಡುವಾಗಿ ಬೇರೆ ಕೆಲಸಕ್ಕೆ ಸಿಗುತ್ತದೆ. ಲಂಡನ್ ಒಲಿಂಪಿಕ್ಸಿನಲ್ಲಿ ಸೈಕಲ್ ಪದಕ ಗೆದ್ದ ಸೈಮನ್ ವಾನ್ ವೆಲ್ಟ್‌ಹೂವನ್ ಆ ದೋಣಿಯಲ್ಲಿದ್ದರು. ಸವಾಲುಗಾರರ ಸೆಮಿಫೈನಲ್ಲಿನಲ್ಲಿ ದೋಣಿ ಮೂತಿ ನೀರಿಗೆ ಕೊಟ್ಟು ಪಲ್ಟಿ ಹೊಡೆಯಿತು. ರಿಪೇರಿ ಮಾಡಿಕೊಂಡು ಬಂದು ಅಂತಿಮ ಮಾಲೆಯನ್ನು 7-1ರಲ್ಲಿ ಗೆದ್ದರು. ಚುಕ್ಕಾಣಿ ಹಿಡಿದಿದ್ದ ಪೀಟರ್ ಬರ್ಲಿಂಗ್‌ಗೆ ಆಗ 26 ವರ್ಷ.

ಇಷ್ಟು ತಿಳಿದ ಮೇಲೆ 2013ಕ್ಕೆ ಹೋಗಿ, ಮೊದಲೇ ಹೋಗಬೇಡಿ. ಆಗ ಸೋಲಿನ ಒಳಗುಟ್ಟು ಕಾಣುತ್ತದೆ. ಮೊದಲ ದಿನಗಳಲ್ಲಿ ಎದುರುಗಾಳಿಯ ಸುತ್ತುಗಳಲ್ಲಿ ನ್ಯೂಜಿಲೆಂಡ್ ಸಲೀಸಾಗಿ ಮುಂದೆ ಹೋಗುವುದನ್ನು ಗಮನಿಸಿ. ಐದನೆಯ ಓಟ ಸೋತೊಡನೆ ಎದುರಾಳಿಯಾದ ಅಮೆರಿಕದ ಒರಾಕಲ್ ತಂಡ ಆ ದಿನದ ಇನ್ನೊಂದು ಓಟವನ್ನು ಮುಂದೂಡಿಸಿತು, ತಂತ್ರಗಾರನನ್ನು ಇಳಿಸಿ ಬ್ರಿಟನ್ನಿನ ನಾವಿಕ ಬೆನ್ ಐನ್ಸ್‌ಲಿಯನ್ನು ಹತ್ತಿಸಿತು, ಶೆಡ್ಡಿನಲ್ಲಿ ದೋಣಿಯನ್ನು ತಿದ್ದುತ್ತಲೇ ಹೋಯಿತು. ಎರಡನೆಯ ವಾರದ ಹೊತ್ತಿಗೆ ಎದುರುಗಾಳಿಯಲ್ಲೂ ಅವರು ರೆಕ್ಕೆಯ ಮೇಲೆ ಹಾರತೊಡಗಿದ್ದರು. ನ್ಯೂಜಿಲೆಂಡ್ ನಿಧಾನವಾಗಲಿಲ್ಲ, ಎದುರಾಳಿ ಬೇರೆ ದೋಣಿಯಾಗಿಬಿಟ್ಟಿತ್ತು. ಹಿಂದಿನ ಪಂದ್ಯಗಳಲ್ಲಿ ಮಾಡಿದ ಮೋಸಕ್ಕೆ ಎರಡು ಅಂಕ ಕಳೆದುಕೊಂಡೇ ಮಾಲೆಗೆ ಇಳಿದ ಒರಾಕಲ್ ಹೀಗೆ ಗೆದ್ದದ್ದನ್ನು ಮೆಚ್ಚದೆ ಇರಲಾಗುವುದಿಲ್ಲ. ಮೆಚ್ಚಲು ಮನಸ್ಸೂ ಬಾರದು. ಎಲ್ಲಕ್ಕಿಂತ ಕ್ರೂರವಾದದ್ದು ಹದಿಮೂರನೆಯ ಓಟ. ಗಾಳಿ ಸತ್ತಿತ್ತು, ನ್ಯೂಜಿಲೆಂಡ್ ಬಹಳ ಮುಂದಿತ್ತು, ಗುರಿ ಸಮೀಪಿಸುತ್ತಿತ್ತು. 40 ನಿಮಿಷದ ಗಡುವು ಮುಗಿದು ಓಟ ರದ್ದಾಯಿತು. ಅದೇ ದಿನ ಮತ್ತೆ ಓಡಿಸಿದಾಗ ಒರಾಕಲ್ ಗೆದ್ದಿತು.

ಕೊನೆಗೊಂದು ತಕರಾರು. ಇವು ನಿಜಕ್ಕೂ ದೇಶದ ತಂಡಗಳೇ? ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಮೆರಿಕದ ದೋಣಿಯ ನಾಯಕ ಜೇಮ್ಸ್ ಸ್ಪಿಟ್‌ಹಿಲ್ ಆಸ್ಟ್ರೇಲಿಯಾದವರು, ಐನ್ಸ್‌ಲಿ ಬ್ರಿಟಿಷರು. ಇದಕ್ಕೆ ಹೋಲಿಸಿದರೆ ನ್ಯೂಜಿಲೆಂಡಿನದು ಊರವರ ತಂಡವೇ. 1995ರಲ್ಲಿ ತಂಡದ ಮುಖ್ಯಸ್ಥ ಪೀಟರ್ ಬ್ಲೇಕ್ ಹಾಕುತ್ತಿದ್ದ ಕೆಂಪು ಕಾಲುಚೀಲ ಅದೃಷ್ಟದ್ದೆಂದು ಜನರೆಲ್ಲ ಕೆಂಪು ಕಾಲುಚೀಲ ಕೊಂಡು ತಂಡಕ್ಕೆ ದುಡ್ಡು ಕೂಡಿಸಿದರು, ಸ್ಯಾನ್ ಡಿಯಾಗೊದಲ್ಲಿ ತಂಡ 5-0ರಲ್ಲಿ ಗೆದ್ದಿತು. ಆದರೆ ದುಡ್ಡಿನ ಮುಂದೆ ಊರೂ ನಿಲ್ಲದು. 2000ದಲ್ಲಿ ಕಪ್ಪು ಉಳಿಸಿಕೊಟ್ಟ ರಸೆಲ್ ಕೂಟ್ಸ್ ಸ್ವಿಟ್ಜರ್ಲೆಂಡಿನ ಅಲಿಂಘಿ ತಂಡ ಸೇರಿ, 2003ರಲ್ಲಿ ಆಕ್ಲೆಂಡಿನ ನೀರಿನಲ್ಲೇ ತನ್ನ ಹಳೆಯ ತಂಡವನ್ನು 5-0ರಲ್ಲಿ ಸೋಲಿಸಿದರು. ಮೊದಲ ಓಟದಲ್ಲೇ ನ್ಯೂಜಿಲೆಂಡಿನ ದೋಣಿಗೆ ನೀರು ನುಗ್ಗಿ ನಾವಿಕ ಬಕೆಟ್ಟಿನಲ್ಲಿ ಮೊಗೆಯುವ ದೃಶ್ಯ ಇಂದಿಗೂ ನೋಡಸಿಗುತ್ತದೆ. 2024ರಲ್ಲಂತೂ ಮನೆಯಲ್ಲಿ ನಡೆಸುವಷ್ಟು ಹಣ ಹೊಂದಿಸಲಾರದೆ ತಂಡ ಕಪ್ಪನ್ನು ಬಾರ್ಸಿಲೋನಾಕ್ಕೆ ಒಯ್ದಿತು. ಊರಿನಲ್ಲಿ ಅನೇಕರಿಗೆ ಇದು ಹಿಡಿಸಲಿಲ್ಲ.

ಮುಂದಿನ ಕಪ್ಪು 2027ರಲ್ಲಿ, ಇಟಲಿಯ ನೇಪಲ್ಸಿನಲ್ಲಿ. ಆಕ್ಲೆಂಡಿನ ಓಟಕ್ಕೆ ನಾವು ಬೆಳಗಿನ ತಿಂಡಿ ಹೊತ್ತಿಗೆ ಕೂರಬೇಕಿತ್ತು; ನೇಪಲ್ಸಿನ ಬೇಸಿಗೆಯ ಮಧ್ಯಾಹ್ನ ನಮಗೆ ಸಂಜೆ, ಅನುಕೂಲವೇ. ಮೂರು ಕಪ್ಪು ಗೆದ್ದುಕೊಟ್ಟ ಬರ್ಲಿಂಗ್ 2025ರಲ್ಲಿ ನ್ಯೂಜಿಲೆಂಡ್ ತಂಡ ಬಿಟ್ಟಿದ್ದಾರೆ, ಹಾಗಾಗಿ ಚುಕ್ಕಾಣಿಯಲ್ಲಿ ಬೇರೆ ಮುಖ ಇರುತ್ತದೆ. ಓಟ ಶುರುವಾಗುವ ಐದು ನಿಮಿಷ ಮೊದಲೇ ಕೂತು, ಮೊದಲು ಗಾಳಿಯ ಬಾಣ ಎತ್ತ ತಿರುಗಿದೆ ನೋಡಿಕೊಳ್ಳಿ.