ಬೀರುವಿನಲ್ಲಿಟ್ಟ ಎಸ್‌ಎಸ್‌ಡಿ ಎಷ್ಟು ದಿನ ನೆನಪಿಟ್ಟುಕೊಳ್ಳುತ್ತದೆ?

ಮದುವೆ ವಿಡಿಯೋವನ್ನು ಸ್ಟುಡಿಯೋದವರು ಈಗ ಡಿವಿಡಿಯಲ್ಲಿ ಕೊಡುವುದು ಅಪರೂಪ. ಪೆನ್‌ಡ್ರೈವ್ ಕೊಡುತ್ತಾರೆ. ಪ್ಯಾಕೇಜ್ ದೊಡ್ಡದಿದ್ದರೆ ಅಂಗೈಯಗಲದ ಪೋರ್ಟಬಲ್ ಎಸ್‌ಎಸ್‌ಡಿಯನ್ನೇ ಕೈಗಿಡುತ್ತಾರೆ. ಮನೆಮಂದಿಯೆಲ್ಲ ಒಂದು ಸಲ ಟಿವಿಗೆ ಹಾಕಿ ನೋಡಿದ ಮೇಲೆ ಅದು ಬೀರು ಸೇರುತ್ತದೆ. ಮತ್ತೆ ಅದರ ನೆನಪಾಗುವುದು ಮಗುವಿನ ನಾಮಕರಣಕ್ಕೋ, ಮದುವೆಯ ಹತ್ತನೇ ವರ್ಷಕ್ಕೋ. ಅಲ್ಲಿಯವರೆಗೆ ಕರೆಂಟನ್ನೇ ಕಾಣದೆ ಕೂತ ಆ ಡಬ್ಬಿಯೊಳಗೆ ಏನಾಗುತ್ತಿರುತ್ತದೆ ಎಂಬುದನ್ನು ಈ ವಾರ ನೋಡೋಣ.

ಎಸ್‌ಎಸ್‌ಡಿಯ ಮೂಲ ಫ್ಲ್ಯಾಶ್ ಮೆಮೊರಿ. ತೋಷಿಬಾದಲ್ಲಿದ್ದ ಫುಜಿಯೊ ಮಸುಓಕಾ ಅದನ್ನು 1984ರಲ್ಲಿ ಲೋಕದ ಮುಂದಿಟ್ಟರು. ಇಂದಿನ ಎಸ್‌ಎಸ್‌ಡಿಗಳಲ್ಲಿರುವ ನ್ಯಾಂಡ್ ಬಗೆ 1987ರಲ್ಲಿ ಬಂತು. ತತ್ವ ಸರಳವಾದದ್ದು. ಕೆಲವೇ ನ್ಯಾನೋಮೀಟರ್ ದಪ್ಪದ ಆಕ್ಸೈಡ್ ಪದರದ ಆಚೆಗೆ ಎಲೆಕ್ಟ್ರಾನ್‌ಗಳನ್ನು ಹೆಚ್ಚಿನ ವೋಲ್ಟೇಜಿನಲ್ಲಿ ನೂಕಿ ಕೂಡಿಹಾಕುತ್ತಾರೆ. ಎಷ್ಟು ಕೂಡಿವೆ ಎಂದು ಅಳೆದರೆ ಅದೇ ದತ್ತಾಂಶ. ಕರೆಂಟ್ ತೆಗೆದರೂ ಅವು ಒಳಗೇ ಉಳಿಯುತ್ತವೆ, ಆದರೆ ಎಂದೆಂದಿಗೂ ಅಲ್ಲ. ಒಂದೊಂದಾಗಿ ಸೋರುತ್ತವೆ. ಬರೆದು ಅಳಿಸಿದ ಪ್ರತಿ ಸಲವೂ ಆ ಪದರ ಇಷ್ಟಿಷ್ಟೇ ಸವೆಯುವುದರಿಂದ, ಹೆಚ್ಚು ದುಡಿದ ಡ್ರೈವ್ ಬೇಗ ಸೋರುತ್ತದೆ.

ಸೋರಿಕೆಗಿಂತ ನನ್ನನ್ನು ಹೆಚ್ಚು ಕಾಡುವುದು ಅಳತೆಯ ಸೂಕ್ಷ್ಮ. ಹಳೆಯ ಎಸ್‌ಎಲ್‌ಸಿ ಚಿಪ್‌ನ ಒಂದು ಕೋಶದಲ್ಲಿ ಒಂದೇ ಬಿಟ್. ತುಂಬಿದೆಯೋ ಖಾಲಿಯೋ ಎಂದು ನೋಡಿದರೆ ಸಾಕಿತ್ತು. ಟಿಎಲ್‌ಸಿಯಲ್ಲಿ 8 ಮಟ್ಟಗಳನ್ನು ಬೇರೆಬೇರೆಯಾಗಿ ಗುರುತಿಸಬೇಕು, ಕ್ಯೂಎಲ್‌ಸಿಯಲ್ಲಿ 16. ಒಂದೇ ಚೆಂಬಿಗೆ 16 ಗೆರೆ ಎಳೆದು ನೀರು ಯಾವ ಗೆರೆಯಲ್ಲಿದೆ ಎಂದು ಓದುವ ಕೆಲಸವಿದು. ತುಸು ಇಳಿದರೂ ಅಂಕಿ ಬದಲಾಗುತ್ತದೆ. ಡ್ರೈವ್‌ನ ಕಂಟ್ರೋಲರ್ ಇಂಥ ತಪ್ಪುಗಳನ್ನು ಲೆಕ್ಕ ಹಾಕಿ ತಿದ್ದಿಕೊಳ್ಳುತ್ತದೆ, ನಮಗೆ ಸುಳಿವೂ ಸಿಗುವುದಿಲ್ಲ. ತಿದ್ದುವ ಶಕ್ತಿ ಮುಗಿದ ದಿನ ಫೈಲ್ ಮಸುಕಾಗಿ ಕಾಣುವುದಿಲ್ಲ, ತೆರೆಯುವುದೇ ಇಲ್ಲ. ಯಾವ ಫೈಲ್ ಎಲ್ಲಿದೆ ಎಂಬ ನಕ್ಷೆಯೂ ಅದೇ ಫ್ಲ್ಯಾಶ್‌ನಲ್ಲಿರುತ್ತದೆ. ಅದು ಕೆಟ್ಟರೆ ಇಡೀ ಡ್ರೈವ್ ಕಂಪ್ಯೂಟರ್‌ಗೆ ಕಾಣದೇ ಹೋಗಬಹುದು.

ಹಾಗಾದರೆ ಎಷ್ಟು ಕಾಲ? ಈ ಉದ್ಯಮದ ಮಾನಕಗಳನ್ನು ರೂಪಿಸುವ ಜೆಡೆಕ್ ಸಂಸ್ಥೆ 2010ರಲ್ಲಿ ಇದಕ್ಕೊಂದು ಕನಿಷ್ಠ ಮಟ್ಟ ಹಾಕಿತು. ಮನೆಬಳಕೆಯ ಎಸ್‌ಎಸ್‌ಡಿ ಕರೆಂಟ್ ಇಲ್ಲದೆ 30 ಡಿಗ್ರಿಯಲ್ಲಿ 1 ವರ್ಷ ದತ್ತಾಂಶ ಉಳಿಸಿಕೊಳ್ಳಬೇಕು. ಸರ್ವರ್‌ಗಳ ಎಸ್‌ಎಸ್‌ಡಿಗೆ 40 ಡಿಗ್ರಿಯಲ್ಲಿ 3 ತಿಂಗಳು ಸಾಕು. ಈ ಸಂಖ್ಯೆಗಳನ್ನು ಓದುವಾಗ ಒಂದು ಮಾತು ಮರೆಯಬಾರದು: ಇವು ಆಯುಷ್ಯವನ್ನೆಲ್ಲ ಬರೆದು ಮುಗಿಸಿದ, ಪೂರ್ತಿ ಸವೆದ ಡ್ರೈವ್‌ಗೆ ಹಾಕಿದ ಮಿತಿ.

2015ರಲ್ಲಿ ಎಡವಟ್ಟಾದದ್ದು ಇಲ್ಲಿಯೇ. ಜೆಡೆಕ್ ಸಮಿತಿಯ ಅಧ್ಯಕ್ಷರಾಗಿದ್ದ, ಸೀಗೇಟ್ ಕಂಪನಿಯ ಆಲ್ವಿನ್ ಕಾಕ್ಸ್ ಹಿಂದೆಂದೋ ತೋರಿಸಿದ್ದ ಕೋಷ್ಟಕವೊಂದು ಹೊರಬಿದ್ದು, ಎಸ್‌ಎಸ್‌ಡಿ ಒಂದೇ ವಾರದಲ್ಲಿ ಎಲ್ಲ ಮರೆಯುತ್ತದೆ ಎಂದು ಜಗತ್ತಿನಾದ್ಯಂತ ಸುದ್ದಿಯಾಯಿತು. ಆ ಒಂದು ವಾರ, ಸವೆದ ಡ್ರೈವನ್ನು 55 ಡಿಗ್ರಿ ಬಿಸಿಯಲ್ಲಿ ಇಟ್ಟಾಗಿನ ಲೆಕ್ಕ. ಕಾಕ್ಸ್ ಅವರೇ ವಿವರಣೆ ಕೊಡಬೇಕಾಯಿತು. ಆದರೆ ಆ ಕೋಷ್ಟಕದಲ್ಲಿ ನಮಗೆ ಬೇಕಾದ ಪಾಠವಿದೆ. ಅದೇ ಡ್ರೈವ್ 25 ಡಿಗ್ರಿಯಲ್ಲಿದ್ದರೆ ಸುಮಾರು 2 ವರ್ಷ, 30 ಡಿಗ್ರಿಯಲ್ಲಿ 1 ವರ್ಷ. ಬಿಸಿ 5 ಡಿಗ್ರಿ ಏರಿದಂತೆಲ್ಲ ಅವಧಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ತಿಂಗಳಲ್ಲಿ ಆರ್‌ಸಿಸಿ ಮನೆಯ ಮೇಲಂತಸ್ತಿನ ಬೀರು ಎಷ್ಟು ಕಾಯುತ್ತದೆ ಎಂದು ಅಲ್ಲಿನವರಿಗೆ ನಾನು ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಎಸ್‌ಎಸ್‌ಡಿ ಬಿಟ್ಟು ಬರುವವರಂತೂ ದಯವಿಟ್ಟು ಆ ಅಭ್ಯಾಸ ಬಿಡಿ.

ಸಮಾಧಾನದ ಸಂಗತಿಯೂ ಇದೆ. 1 ಟಿಬಿಯ ಸ್ಯಾಮ್‌ಸಂಗ್ 870 ಇವೊ ಡ್ರೈವ್‌ಗೆ ಕಂಪನಿ ಕೊಡುವ ಬರೆಯುವ ಭರವಸೆ 600 ಟಿಬಿ. ಕುಟುಂಬದ ಫೋಟೋಗಳನ್ನು ಅದಕ್ಕೆ ಒಂದು ಸಲ ಭರ್ತಿ ತುಂಬಿದರೆ ಖರ್ಚಾಗುವುದು ಅದರ ಆರುನೂರರಲ್ಲಿ ಒಂದು ಪಾಲು. ಹಾಗೆ ತುಂಬಿಟ್ಟ ಹೊಸ ಡ್ರೈವ್ ವರ್ಷ ಕಳೆದ ಕೂಡಲೇ ಖಾಲಿಯಾಗುತ್ತದೆ ಎಂದು ಹೆದರಬೇಕಿಲ್ಲ. ಹೆದರಬೇಕಾದದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಅಗ್ಗಕ್ಕೆ ಸಿಗುವ ಸೆಕೆಂಡ್ ಹ್ಯಾಂಡ್ ಸರ್ವರ್ ಎಸ್‌ಎಸ್‌ಡಿಗೆ. ಅದು ಮೊದಲೇ ದುಡಿದು ಬಂದದ್ದು, ಅದಕ್ಕಿದ್ದ ಮಿತಿಯೇ 3 ತಿಂಗಳು. ದಿನವೂ ಓಡುವ ಕಂಪ್ಯೂಟರಿಗೆ ಹಾಕಿಕೊಳ್ಳಿ, ಎತ್ತಿಡಲು ಬೇಡ. ಪೆನ್‌ಡ್ರೈವ್‌ನ ಒಳಗೆ ಯಾವ ದರ್ಜೆಯ ಚಿಪ್ ಇದೆ ಎಂದು ಎಷ್ಟೋ ಸಲ ಪೊಟ್ಟಣದ ಮೇಲೆ ಬರೆದಿರುವುದೇ ಇಲ್ಲ. ಅದನ್ನು ಸಾಗಿಸುವುದಕ್ಕಷ್ಟೇ ಬಳಸಬೇಕು.

ಚಾಲ್ತಿಯಲ್ಲಿರುವ ಡ್ರೈವಿನಲ್ಲೇ ಈ ಸೋರಿಕೆ ಬಯಲಾದದ್ದೂ ಉಂಟು. 2014ರಲ್ಲಿ ಸ್ಯಾಮ್‌ಸಂಗ್‌ನ 840 ಇವೊ ಬಳಸುತ್ತಿದ್ದವರು ವಿಚಿತ್ರವೊಂದನ್ನು ಗಮನಿಸಿದರು. ಹೊಸ ಫೈಲುಗಳು ಸೆಕೆಂಡಿಗೆ 500 ಎಂಬಿ ವೇಗದಲ್ಲಿ ಓದಿಸಿಕೊಂಡರೆ, ಬರೆದು ತಿಂಗಳುಗಳಾದ ಫೈಲುಗಳು ಹಾರ್ಡ್‌ಡಿಸ್ಕಿಗಿಂತಲೂ ನಿಧಾನ. ಟಿಎಲ್‌ಸಿ ಕೋಶಗಳ ಮಟ್ಟ ಜರುಗಿತ್ತು, ಕಂಟ್ರೋಲರ್ ಮತ್ತೆ ಮತ್ತೆ ಓದಿ ಒದ್ದಾಡುತ್ತಿತ್ತು. ಆ ವರ್ಷದ ಅಕ್ಟೋಬರ್‌ನಲ್ಲಿ ಬಂದ ಫರ್ಮ್‌ವೇರ್ ಸಾಲಲಿಲ್ಲ. ಮರುವರ್ಷದ ಫರ್ಮ್‌ವೇರ್, ಡ್ರೈವ್ ಬಿಡುವಾಗಿದ್ದಾಗ ಹಳೆಯ ದತ್ತಾಂಶವನ್ನು ತಾನೇ ಎತ್ತಿ ಹೊಸದಾಗಿ ಬರೆಯುವ ವ್ಯವಸ್ಥೆ ತಂದಿತು. ಎಸ್‌ಎಸ್‌ಡಿಯ ನೆನಪು ನಿಂತಿರುವುದೇ ಇಂಥ ಆರೈಕೆಯ ಮೇಲೆ. ಬೀರುವಿನೊಳಗೆ ಅದು ನಡೆಯುವುದಿಲ್ಲ.

ಹೀಗಾಗಿ ನನ್ನ ತೀರ್ಪು ಖಚಿತ: ಎಸ್‌ಎಸ್‌ಡಿ ಕೆಲಸಕ್ಕೆ, ಹಾರ್ಡ್‌ಡಿಸ್ಕ್ ಕಾಪಿಡಲು. ಹಾರ್ಡ್‌ಡಿಸ್ಕಿನ ಮೋಟಾರು ಕೈಕೊಡಬಹುದು, ಬಿದ್ದರೆ ಒಡೆಯುತ್ತದೆ. ಆದರೆ ಅದರ ಕಾಂತೀಯ ಬರಹ ಸುಮ್ಮನಿಟ್ಟ ಮಾತ್ರಕ್ಕೆ ಹೀಗೆ ಸೋರುವುದಿಲ್ಲ. ಪ್ರತಿಗಳು ಎರಡಿರಲಿ, ಎರಡು ಬೇರೆ ಮನೆಗಳಲ್ಲಿರಲಿ. ಎಸ್‌ಎಸ್‌ಡಿಯಲ್ಲೇ ಇಡಬೇಕೆಂದಿದ್ದರೆ ಆರು ತಿಂಗಳಿಗೊಮ್ಮೆ ಹೊರತೆಗೆಯಿರಿ. ಬರೀ ಪ್ಲಗ್ ಮಾಡಿ ಲೈಟ್ ಉರಿದದ್ದು ನೋಡಿದರೆ ಸಾಲದು, ಎಲ್ಲ ಫೈಲುಗಳನ್ನೂ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ. ಆಗ ಪ್ರತಿಯೊಂದು ಫೈಲನ್ನೂ ಡ್ರೈವ್ ಓದಲೇಬೇಕಾಗುತ್ತದೆ, ದುರ್ಬಲಗೊಂಡ ಜಾಗ ಅದರ ಕಣ್ಣಿಗೆ ಬೀಳುತ್ತದೆ. ಮೊದಲು ಸರಾಗವಾಗಿದ್ದ ಕಾಪಿ ಈಗ ಹಳೆಯ ಫೋಲ್ಡರ್‌ಗಳಲ್ಲಿ ತಡವರಿಸಿದರೆ ಅದನ್ನು ಎಚ್ಚರಿಕೆ ಎಂದೇ ತಿಳಿದು, ಕಾಪಿ ಮುಗಿಸಿ, ಡ್ರೈವನ್ನು ಫಾರ್ಮ್ಯಾಟ್ ಮಾಡಿ ಮತ್ತೆ ತುಂಬಿ.

ನಿಮ್ಮ ಮನೆಯ ಬೀರುವಿನಲ್ಲೂ ಅಂಥದ್ದೊಂದು ಇರಬಹುದು. ಈ ಭಾನುವಾರ ಹುಡುಕಿ ತೆಗೆದು, ಕಂಪ್ಯೂಟರಿಗೆ ಹಾಕಿ, ಪೂರ್ತಿ ಕಾಪಿ ಮಾಡಿಕೊಳ್ಳಿ.