ವಿದ್ಯುತ್ ತಂತಿಯ ವಾರ್ತಾವಹನದಲ್ಲಿ ಸಿಡಿಗದ್ದಲ: ಒಂದು ವಿಮರ್ಶೆ

ದೀಪಕ್ಕೂ ಯಂತ್ರಕ್ಕೂ ವಿದ್ಯುತ್ತನ್ನು ತರುವ ತಂತಿಯೇ ವಾರ್ತೆಯನ್ನೂ ಹೊರಬಲ್ಲದು. 50 ಹರ್ಟ್ಸಿನ ಪ್ರವಾಹದ ಮೇಲೆ ಎತ್ತರದ ಆವೃತ್ತಿಯ ಕ್ಷೀಣ ಸಂಜ್ಞೆಯನ್ನು ಏರಿಸಿ ಮೀಟರಿನ ಲೆಕ್ಕವನ್ನು ಕಳುಹಿಸುವುದು ಈ ವಿದ್ಯೆಯ ಮುಖ್ಯ ಪ್ರಯೋಜನಗಳಲ್ಲೊಂದು. ಇದಕ್ಕೆ ದೊಡ್ಡ ವಿಘ್ನ ಸಿಡಿಗದ್ದಲ. ಎಂದರೆ ಸ್ವಿಚ್ಚು, ಸ್ಟಾರ್ಟರು, ಮೋಟಾರುಗಳಿಂದ ಥಟ್ಟನೆ ಚಿಮ್ಮುವ ವಿದ್ಯುತ್ ಕ್ಷೋಭೆ. ಅದನ್ನು ತಗ್ಗಿಸುವ ಬಗೆಗೆ ರೂಢವಾಗಿರುವ ಒಂದು ಭಾವನೆಯನ್ನು ಇಲ್ಲಿ ಪರೀಕ್ಷಿಸುತ್ತೇವೆ.

ಬಳಕೆಯ ಉಪಾಯ ಸರಳವಾದುದು: ಒಂದು ಮಿತಿಯನ್ನು ಗೊತ್ತುಮಾಡಿ, ಅದನ್ನು ಮೀರಿದ ಅಂಶವನ್ನು ಕತ್ತರಿಸುವುದು, ಇಲ್ಲವೆ ಸೊನ್ನೆಯಾಗಿಸುವುದು. ಮಿತಿ ತಗ್ಗಿದರೆ ಸಂಜ್ಞೆಯ ಶಿಖರಗಳೇ ತುಂಡಾಗುತ್ತವೆ; ಏರಿದರೆ ಗದ್ದಲ ಒಳನುಗ್ಗುತ್ತದೆ. ಡೇವಿಡ್ ಮಿಡಲ್‌ಟನ್ 1977ರಲ್ಲಿ ನಿರೂಪಿಸಿದ ‘ಎ’ ವರ್ಗದ ಮಾದರಿಯನ್ನು ಆಶ್ರಯಿಸಿ ಈ ಮಿತಿಯನ್ನು ಗಣಿಸುವ ಅನೇಕರು, ಒಂದು ಸಿಡಿತಕ್ಕೂ ಮುಂದಿನದಕ್ಕೂ ಸಂಬಂಧವಿಲ್ಲವೆಂದು ಎಣಿಸುತ್ತಾರೆ.

ಈ ಎಣಿಕೆ ನಿಲ್ಲಲಾರದು. ಜರ್ಮನಿಯ ಜಿಮ್ಮರ್‌ಮನ್ ಮತ್ತು ಡೋಸ್ಟರ್ಟ್ 2002ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ ಸಿಡಿತವು ಕೆಲವು ಮೈಕ್ರೊಸೆಕೆಂಡಿನಿಂದ ಕೆಲವು ಮಿಲಿಸೆಕೆಂಡಿನವರೆಗೆ ನಿಲ್ಲಬಲ್ಲದು. ಹಿನ್ನೆಲೆಯ ಗದ್ದಲವನ್ನು 50 ಡೆಸಿಬೆಲ್, ಎಂದರೆ ಶಕ್ತಿಯಲ್ಲಿ ಲಕ್ಷ ಮಡಿ, ಮೀರಬಲ್ಲದು. ಅವರು ಅಳೆದುದು ಇನ್ನೂ ಎತ್ತರದ ಆವೃತ್ತಿಗಳನ್ನಾದರೂ ಅವಧಿಯ ಪಾಠ ಇಲ್ಲಿಗೂ ಸಲ್ಲುತ್ತದೆ. ಮೀಟರುಗಳಿಗೆ ಬಳಸುವ ಜಿ-3 ಪದ್ಧತಿಯಲ್ಲಿ ಸಂಜ್ಞೆಯ ಒಂದು ಖಂಡದ ಅವಧಿ ಸುಮಾರು 0.7 ಮಿಲಿಸೆಕೆಂಡು. ಅದರೊಳಗಣ ಮೈಕ್ರೊಸೆಕೆಂಡಿನ ಸಿಡಿತವನ್ನು ಅಳಿಸಿದರೆ ಖಂಡದ ಬಹುಭಾಗ ಉಳಿಯುತ್ತದೆ. ಮಿಲಿಸೆಕೆಂಡುಗಟ್ಟಲೆ ನಿಂತುದನ್ನು ಅಳಿಸಿದರೆ ಖಂಡಗಳೇ ಅಳಿಯುತ್ತವೆ.

ಬೇಲೂರು ತಾಲ್ಲೂಕಿನ ಮಾದಿಹಳ್ಳಿಯಂಥ ಗ್ರಾಮಾಂತರ ಪ್ರದೇಶಕ್ಕೆ ಬಂದರೆ ನಮ್ಮ ಆಕ್ಷೇಪ ಇನ್ನೂ ಬಲಗೊಳ್ಳುತ್ತದೆ. ನಮ್ಮ ನಾಡಿನ ಪಂಪ್‌ಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ದಿನದ ಕೆಲವು ಗಂಟೆಗಳು ಮಾತ್ರ ದೊರೆಯುತ್ತದೆ. ಅದು ಬಂದೊಡನೆ ಆಟೊ ಸ್ಟಾರ್ಟರ್ ಉಳ್ಳ ಮೋಟಾರುಗಳು ಹೆಚ್ಚುಕಡಮೆ ಒಟ್ಟಿಗೆ ಹೊರಡುತ್ತವೆ. ಇಲ್ಲಿಯ ಸಿಡಿತಗಳು ಪರಸ್ಪರ ಸ್ವತಂತ್ರವೆನ್ನುವುದು ಹೇಗೆ?

ಆದುದರಿಂದ ಮಿತಿಯ ಉಪಾಯವೊಂದೇ ಸಾಲದು. ವಾರ್ತೆಯನ್ನು ಕಾಲದಲ್ಲಿ ಚದುರಿಸಿ ಮರಳಿ ಮರಳಿ ಹೇಳಬೇಕು. ಜಿ-3ರ ದೃಢಕ್ರಮವು ಪ್ರತಿಯೊಂದು ಬಿಟ್ಟನ್ನೂ 4 ಬಾರಿ ಹೇಳುತ್ತದೆ. ವೇಗ ಕುಗ್ಗುತ್ತದೆ, ನಿಜ. ಆದರೆ ಮೀಟರಿನ ಲೆಕ್ಕಕ್ಕೆ ಬೇಕಾದುದು ವೇಗವಲ್ಲ, ನಿಶ್ಚಿತತೆ. ಮೋಟಾರುಗಳು ಹೊರಡುವ ಹೊತ್ತನ್ನು ಬಿಟ್ಟು ಕಳುಹಿಸುವುದೂ ವಿವೇಕವೇ.

ಇದು ಬರಿಯ ಗಣಿತದ ಚರ್ಚೆಯಲ್ಲ. ಕರ್ನಾಟಕದಲ್ಲಿ 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟುಗಳಿಗೆ ವಿದ್ಯುತ್ತು ಉಚಿತ. ಅದರ ವೆಚ್ಚ ಸರ್ಕಾರದ ಸಹಾಯಧನದಿಂದ ಸಲ್ಲುತ್ತದೆ. ಅಳತೆ ಬಾರದ ಕಡೆ ಅಂದಾಜು ಬಂದು ಕೂರುತ್ತದೆ. ಆ ಅಂದಾಜಿನ ಮೇಲೆ ಸಾರ್ವಜನಿಕರ ಹಣ ವ್ಯಯವಾಗುತ್ತದೆ. ಪರದೇಶದ ಮನೆಗಳಲ್ಲಿ ಅಳೆದ ಗದ್ದಲವನ್ನು ನಮ್ಮ ತಂತಿಗಳಿಗೆ ಆರೋಪಿಸುವುದನ್ನು ಬಿಟ್ಟು, ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ ಇಲ್ಲಿಯ ಸಿಡಿತಗಳ ಅವಧಿ, ಅಂತರ, ಹೊತ್ತುಗಳನ್ನು ಅಳೆದು ದಾಖಲೆ ಮಾಡಲಿ ಎಂದು ಆಶಿಸುತ್ತೇವೆ. ಮಿತಿಯನ್ನು ಗೊತ್ತುಮಾಡುವ ಕಾರ್ಯ ಆ ಬಳಿಕದ್ದು.